ಎರಡು ಸಾವಿರ ಮಂದಿಯ ಸಂಸಾರ

ಪುಣೆಯಿಂದ ಸೊಲ್ಲಾಪುರ, ಕಲಬುರಗಿಯ ದಾರಿ ಹಿಡಿದ ರೈಲು ದೌಂಡ್ ಜಂಕ್ಷನ್ ಮುಟ್ಟುವ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತದೆ. ಪುಣೆಯಿಂದ ಐವತ್ತು ಚಿಲ್ಲರೆ ಕಿಲೋಮೀಟರು. ಊರಿಗೆ ಹೊರಟ ಕನ್ನಡಿಗರಿಗೆ ಅದು ಕಿಟಕಿಯಾಚೆ ಸರಿದುಹೋಗುವ ಒಂದು ಹೆಸರು, ಅಷ್ಟೆ. 1900ರ ಸುಮಾರಿಗೆ ಆ ನಿಲ್ದಾಣದ ಹತ್ತಿರ ಒಂದೇ ಆವರಣದೊಳಗೆ ಎರಡು ಸಾವಿರಕ್ಕೆ ಸಮೀಪ ಹೆಂಗಸರೂ ಮಕ್ಕಳೂ ವಾಸವಾಗಿದ್ದರು. ಪಂಡಿತಾ ರಮಾಬಾಯಿ ಕಟ್ಟಿದ ಆ ನೆಲೆಯ ಹೆಸರು ಮುಕ್ತಿ. ಅದರ ಬಗ್ಗೆ ಬರೆದವರೆಲ್ಲ ಪ್ರಾರ್ಥನೆ, ಮತಾಂತರ, ಸಮಾಜ ಸುಧಾರಣೆ ಎಂಬ ದೊಡ್ಡ ಮಾತುಗಳಿಂದ ಆರಂಭಿಸುತ್ತಾರೆ. ನಾವು ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದಿಟ್ಟುಕೊಂಡರೂ ಎರಡು ಸಾವಿರ ಮಂದಿಗೆ ಒಂದು ಟನ್ ಬೇಕು. ಅದನ್ನು ಹಸನು ಮಾಡಬೇಕು, ಬೀಸಬೇಕು, ಬೇಯಿಸಬೇಕು. ಮರುದಿನ ಮತ್ತೆ ಅಷ್ಟೇ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ತಲೆಗೆ ಇಪ್ಪತ್ತು ಲೀಟರ್ ನೀರು ಎಂದರೆ ದಿನಕ್ಕೆ ನಲವತ್ತು ಸಾವಿರ ಲೀಟರ್. ಹತ್ತು ಲೀಟರಿನ ಕೊಡದಲ್ಲಿ ಅಳೆದರೆ ನಾಲ್ಕು ಸಾವಿರ ಕೊಡ. ಇದು ಬರಗಾಲದ ವರ್ಷ, ಮಳೆ ಕೈಕೊಟ್ಟ ಸೀಮೆ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿದರೆ ಅಲ್ಲಿ ಬೆಳಗಾದರೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಯಾವುದೆಂದು ತಾನಾಗಿ ತಿಳಿಯುತ್ತದೆ.

ಮಿಷನರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಂತೆಯಲ್ಲಿ ನಿಂತು ಬೋಧಿಸುವ ನಿಲುವಂಗಿಯ ಬಿಳಿಯ ಗಂಡಸು. ಆದರೆ ಮಿಷನ್‌ಗಳ ಇತಿಹಾಸವನ್ನು ದಿನಚರಿಯ ಕಡೆಯಿಂದ ನೋಡಿದರೆ ಬೋಧನೆ ಅಲ್ಲಿನ ಚಿಕ್ಕ ಪಾಲು. ದೊಡ್ಡ ಪಾಲು ಮನೆ ನಡೆಸುವುದು: ಒಲೆ, ಬಾವಿ, ಹಾಸಿಗೆ, ಜ್ವರ, ಮಗುವಿನ ಓದು. ಮನೆ ನಿಂತಲ್ಲಿ ಮಿಷನ್ ನಿಂತಿತು, ಮನೆ ಮುರಿದಲ್ಲಿ ಅದೂ ಮುರಿಯಿತು. ಇದಕ್ಕೆ ಒಳ್ಳೆಯ ಸಾಕ್ಷಿ ಆಫ್ರಿಕಾದಲ್ಲಿದೆ. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಅದಕ್ಕೂ ಮೊದಲೇ, 1828ರಲ್ಲಿ, ಇಂದಿನ ಘಾನಾದ ಕರಾವಳಿಗೆ ನಾಲ್ವರು ತರುಣರನ್ನು ಕಳುಹಿಸಿತ್ತು. ಅವರಲ್ಲಿ ಮೂವರು ಕೆಲವೇ ತಿಂಗಳಲ್ಲಿ ಸತ್ತರು, ನಾಲ್ಕನೆಯವನು 1831ರಲ್ಲಿ. ಮರುವರ್ಷ ಹೋದ ಮೂವರಲ್ಲಿ ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಹತ್ತಾರು ವರ್ಷ ಬೋಧನೆ ನಡೆದರೂ ಅಲ್ಲಿ ಒಂದು ಸಭೆ ಕಟ್ಟಲಾಗಲಿಲ್ಲ. ಪರಿಸ್ಥಿತಿ ಬದಲಾದದ್ದು 1843ರಲ್ಲಿ. ಜಮೈಕಾ ಮತ್ತು ಆಂಟಿಗುವಾಗಳಿಂದ, ಒಂದು ಕಾಲಕ್ಕೆ ಗುಲಾಮರಾಗಿದ್ದ ಸಮುದಾಯಗಳ 24 ಮಂದಿ ಕಪ್ಪು ಕ್ರೈಸ್ತರು ಅಕ್ರೊಪಾಂಗ್ ಎಂಬ ಗುಡ್ಡದ ಊರಿಗೆ ಬಂದಿಳಿದರು. ಅವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳೊಡನೆ ಬಂದವರು. ಅವರು ತಂದದ್ದು ದೇವಶಾಸ್ತ್ರದ ಹೊಸ ವಾದಗಳನ್ನಲ್ಲ. ಮಾವು, ಬೆಣ್ಣೆಹಣ್ಣು, ಕೆಸುವಿನಂಥ ಗೆಡ್ಡೆ, ಉಷ್ಣವಲಯದಲ್ಲಿ ಹಿತ್ತಿಲು ಮಾಡಿ ಬದುಕುವ ಅಭ್ಯಾಸ, ಇವುಗಳನ್ನು ತಂದರು. ಒಂಟಿ ಬೋಧಕರು ಒಬ್ಬೊಬ್ಬರಾಗಿ ಮಣ್ಣಾದ ನೆಲದಲ್ಲಿ ಹಿತ್ತಿಲುಳ್ಳ ಸಂಸಾರಗಳು ಬೇರೂರಿದವು. ಅಲ್ಲಿನ ಸಭೆಯ ನಿಜವಾದ ಆರಂಭವನ್ನು ಇತಿಹಾಸಕಾರರು ಈ ಕುಟುಂಬಗಳಿಂದಲೇ ಎಣಿಸುತ್ತಾರೆ.

ಮನೆಯಿಲ್ಲದೆ ಮಿಷನ್ ಇಲ್ಲ ಎಂಬ ಪಾಠವನ್ನು ಬಾಸೆಲಿನ ಸಮಿತಿ ಬೇಗ ಕಲಿಯಿತು. ಆದರೆ ಆ ಮನೆಯ ಖರ್ಚನ್ನು ಯಾರ ತಲೆಗೆ ಕಟ್ಟಿತು ಎಂಬುದನ್ನು ನೋಡಬೇಕು. ತರುಣ ಮಿಷನರಿ ಒಂಟಿಯಾಗಿ ಹೊರಡಬೇಕು. ಕೆಲವು ವರ್ಷದ ಸೇವೆಯ ನಂತರ ಸಮಿತಿಯ ಅಪ್ಪಣೆ ಪಡೆದು ಮದುವೆಗೆ ಅರ್ಜಿ ಹಾಕಬೇಕು. ಒಪ್ಪಿಗೆಯಾದ ವಧುವನ್ನು ಹಡಗು ಹತ್ತಿಸಿ ಕಳುಹಿಸಲಾಗುತ್ತಿತ್ತು. ರೋಸಿನಾ ಬಿಂಡರ್ ಎಂಬ ಜರ್ಮನ್ ತರುಣಿ 1847ರಲ್ಲಿ ಅಕ್ರೊಪಾಂಗ್ ತಲುಪಿ ತಾನು ಹಿಂದೆಂದೂ ಕಾಣದ ವಿಡ್‌ಮನ್ ಎಂಬ ಮಿಷನರಿಯನ್ನು ಕೈಹಿಡಿದಳು. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಬಾಸೆಲ್ ಬಂಗಲೆಗಳಿಗೂ ವಧುಗಳು ಬಂದಿಳಿದದ್ದು ಇದೇ ಕಟ್ಟಳೆಯಲ್ಲಿ. ಮಕ್ಕಳ ಪಾಲಿಗೆ ಇನ್ನೊಂದು ಕಟ್ಟಳೆ. ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯುರೋಪಿಗೆ ಕಳುಹಿಸಬೇಕು. ಅವರಿಗೆಂದೇ 1853ರಿಂದ ಬಾಸೆಲಿನಲ್ಲಿ ಮಕ್ಕಳ ನಿಲಯ ನಡೆಯಿತು. ಮಲಯಾಳದ ಕೋಶಕಾರ ಹರ್ಮನ್ ಗುಂಡರ್ಟರ ಮಗಳು ಮರೀ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬರಲಾಯಿತು. ತಂದೆತಾಯಿಯ ಮುಖ ಮತ್ತೆ ಕಂಡದ್ದು ಹದಿನೈದರ ವಯಸ್ಸಿನಲ್ಲಿ. ಅವಳ ಮೊದಲ ಗಂಡ ಚಾರ್ಲ್ಸ್ ಐಸೆನ್‌ಬರ್ಗ್. ಆತನ ತಂದೆ ಇಥಿಯೋಪಿಯಾದಿಂದ ಹೊರದೂಡಲ್ಪಟ್ಟು ಮುಂಬಯಿ ಪ್ರಾಂತಕ್ಕೆ ಬಂದು, ಗುಲಾಮರ ಹಡಗುಗಳಿಂದ ಬಿಡುಗಡೆಯಾದ ಆಫ್ರಿಕನ್ ಮಕ್ಕಳ ಆಶ್ರಯಕ್ಕೆ ದುಡಿದ ಮಿಷನರಿ. ನಾಸಿಕದ ಬಳಿಯ ಶರಣಪುರದ ಆ ಆಶ್ರಯದಲ್ಲಿ ಬೆಳೆದ ಹುಡುಗರೇ ಮುಂದೆ ಅನ್ವೇಷಕ ಲಿವಿಂಗ್‌ಸ್ಟನ್ ಜೊತೆ ಆಫ್ರಿಕಾಕ್ಕೆ ಹೋದರು. ವಿಧವೆಯಾದ ಮರೀ ಎರಡನೆಯ ಬಾರಿ ಮದುವೆಯಾದದ್ದು ಮಂಗಳೂರಿನಲ್ಲಿ ಕೆಲಸ ಮಾಡಿ ಕಾಯಿಲೆಯಿಂದ ಮರಳಿದ್ದ ಯೋಹಾನೆಸ್ ಹೆಸ್ಸೆಯನ್ನು. ಅವರ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ. ಆಫ್ರಿಕಾ, ಮುಂಬಯಿ, ಮಲಬಾರು, ಮಂಗಳೂರುಗಳನ್ನು ಹೆಣೆದ ಈ ಒಂದೇ ವಂಶದಲ್ಲಿ ಮಿಷನರಿ ಸಂಸಾರದ ನಿಯಮ ಸ್ಪಷ್ಟವಾಗಿ ಕಾಣುತ್ತದೆ: ಹೆಸರು ಗಂಡನದು, ದುಡಿಮೆ ಹೆಂಡತಿಯದು, ಅಗಲಿಕೆ ಮಕ್ಕಳದು.

ಕೇಡಗಾಂವ್ ಈ ನಿಯಮದ ಮುಂದೆ ವಿಚಿತ್ರವಾಗಿ ನಿಲ್ಲುತ್ತದೆ. ಅಲ್ಲಿ ಮನೆಯ ಯಜಮಾನನಿಲ್ಲ. ಮನೆಯೊಡತಿ ವಿಧವೆ, ಮನೆಮಂದಿಯೆಲ್ಲ ವಿಧವೆಯರು, ಅನಾಥೆಯರು, ಗಂಡ ಬಿಟ್ಟವರು, ಕುರುಡಿಯರು, ಮುದುಕಿಯರು. ಬಾಸೆಲ್ ಸಂಸಾರದಲ್ಲಿ ಮನೆ ಎಂಬುದು ಮಿಷನ್ನಿಗೆ ಆಸರೆ. ಕೇಡಗಾಂವ್‌ನಲ್ಲಿ ಮನೆಯೇ ಮಿಷನ್. ಬೇರೆಲ್ಲೂ ಮನೆಯಿಲ್ಲದವರಿಗೆ ಮನೆ ಮಾಡಿಕೊಡುವುದು, ಆ ಮನೆಯನ್ನು ಅವರ ಕೈಯಿಂದಲೇ ನಡೆಸುವುದು, ಇದೇ ಅಲ್ಲಿನ ಕೆಲಸ. ಈ ವಿನ್ಯಾಸ ರಮಾಬಾಯಿಗೆ ಎಲ್ಲಿಂದ ಬಂತು? ಇಂಗ್ಲೆಂಡಿನ ಕ್ರೈಸ್ತ ಸಹೋದರಿಯರಿಂದ, ಅಮೆರಿಕದ ಶಾಲೆಗಳಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದರ ಮೂಲ ನಕ್ಷೆ ನಮ್ಮ ಪಶ್ಚಿಮ ಘಟ್ಟದ ಕಾಡಿನದು ಎಂದು ವಾದಿಸಲು ಸಾಕಷ್ಟು ಆಧಾರವಿದೆ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ತುಂಗೆ ಭದ್ರೆಯರ ಉಗಮದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ಸಂಸ್ಕೃತ ಪಂಡಿತರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಬೇಕೆಂಬ ಅವರ ಹಟ ಊರವರಿಗೆ ಹಿಡಿಸಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಓದು ನಿಷಿದ್ಧವಲ್ಲವೆಂದು ಶಾಸ್ತ್ರಾಧಾರ ಕೊಟ್ಟು ವಾದಿಸಬೇಕಾಯಿತು. ಕೊನೆಗೆ ಊರು ಬಿಟ್ಟು ಕಾಡು ಹೊಕ್ಕು ಗಂಗಾಮೂಲದಲ್ಲಿ ಆಶ್ರಮ ಕಟ್ಟಿದರು. ಅಲ್ಲಿ ವಿದ್ಯಾರ್ಥಿಗಳು ಬಂದು ಉಳಿದರು, ಯಾತ್ರಿಕರು ಬಂದು ಉಂಡರು. ಶಾಸ್ತ್ರಿಗಳು ಇಲ್ಲದಾಗ ಪಾಠ ಹೇಳಿದ್ದು ಲಕ್ಷ್ಮೀಬಾಯಿ, ಎಲ್ಲರಿಗೂ ಬಡಿಸಿದ್ದೂ ಲಕ್ಷ್ಮೀಬಾಯಿ. ಶಾಲೆ ಬೇರೆ, ಅಡುಗೆಮನೆ ಬೇರೆ ಎಂಬ ಭೇದ ಆ ಮನೆಯಲ್ಲಿರಲಿಲ್ಲ. ಕಲಿಯಲು ಬಂದವನು ಮನೆಯವನಾಗುತ್ತಿದ್ದ, ಹಸಿದು ಬಂದವನೂ ಮನೆಯವನಾಗುತ್ತಿದ್ದ. ಬಂದವರಿಗೆಲ್ಲ ಇಕ್ಕಿಯೇ ಆ ಮನೆ ಸಾಲಕ್ಕೆ ಬಿತ್ತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಅದನ್ನು ಬಿಟ್ಟು ಯಾತ್ರೆಗೆ ಹೊರಟಿತು. ಮತ್ತೆ ಮನೆ ಎಂಬುದು ಸಿಗಲಿಲ್ಲ. ಪುರಾಣ ಹೇಳುತ್ತ ಊರೂರು ಅಲೆದ ಆ ಸಂಸಾರ 1870ರ ದಶಕದ ಬರಗಾಲಕ್ಕೆ ಸಿಕ್ಕಿತು; ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಆ ಅಣ್ಣನೂ 1880ರಲ್ಲಿ ತೀರಿಕೊಂಡ. ಅದೇ ವರ್ಷ ಕೈಹಿಡಿದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿ 1882ರ ಆರಂಭದಲ್ಲಿ ಕಾಲರಾಕ್ಕೆ ಬಲಿಯಾದರು. ಮಡಿಲಲ್ಲಿ ಮನೋರಮಾ ಎಂಬ ಕೂಸನ್ನಿಟ್ಟುಕೊಂಡು ಅವರು ಪುಣೆಗೆ ಬಂದಾಗ ವಯಸ್ಸು ಇಪ್ಪತ್ತನಾಲ್ಕು. ಹಸಿವು ಒಂದು ಮನೆಯನ್ನು ಹೇಗೆ ಒಡೆಯುತ್ತದೆ ಎಂಬುದನ್ನು ಅವರು ಪುಸ್ತಕದಿಂದ ತಿಳಿದವರಲ್ಲ.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿ, ಶಿಕ್ಷಣದ ಹಂಟರ್ ಆಯೋಗದ ಮುಂದೆ ವೈದ್ಯೆಯರೂ ಶಿಕ್ಷಕಿಯರೂ ಬೇಕೆಂದು ಸಾಕ್ಷಿ ಹೇಳಿ, 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅದೇ ಸೆಪ್ಟೆಂಬರ್‌ನಲ್ಲಿ ವಾಂಟೇಜ್‌ನ ಸಹೋದರಿಯರ ಮಠದಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿಯ ದಿನಚರಿಯನ್ನು ಅವರು ಮೆಚ್ಚಿದರು, ಆದರೆ ಅದಕ್ಕೆ ತಲೆಬಾಗಲಿಲ್ಲ. ಮಾಂಸ ಮೊಟ್ಟೆ ಮುಟ್ಟಲಿಲ್ಲ. ಧರ್ಮ ಬದಲಾದರೆ ತಟ್ಟೆಯೂ ಬದಲಾಗಬೇಕೆಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್‌ನಲ್ಲಿ ಯಾಕಿರಬೇಕು, ಸಂಸ್ಕೃತದಲ್ಲಿರಲಿ ಎಂದು ಆ ಮಠದ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರಗಳಲ್ಲಿ ವಾದ ಮಾಡಿದರು. ಲ್ಯಾಟಿನ್ ಸಂಸ್ಕೃತಕ್ಕಿಂತ ಹೆಚ್ಚು ಪವಿತ್ರವೇನಲ್ಲವೆಂಬುದು ಅವರ ನಿಲುವು. ಮುಂದೆ ಅಮೆರಿಕದಲ್ಲಿ ಪುಸ್ತಕ ಬರೆದು, ಊರೂರು ಭಾಷಣ ಮಾಡಿ, ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ನಿನಿಂದ ಹತ್ತು ವರ್ಷದ ನೆರವಿನ ಭರವಸೆ ಪಡೆದು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದೀಬಾಯಿ ಕರ್ವೆಯಾದರು. ಅಂದರೆ ಪುಣೆಯ ಮಹಿಳಾ ಶಿಕ್ಷಣದ ಇನ್ನೊಂದು ಮಹಾ ಸಂಸಾರದ ಬೇರೂ ಇದೇ ಮನೆಯಲ್ಲಿದೆ.

ಈಗ ಕೇಡಗಾಂವ್‌ಗೆ ಬರೋಣ. ಅಲ್ಲಿಯ ಸುಮಾರು ನೂರು ಎಕರೆ ಜಮೀನನ್ನು ಕೊಂಡಾಗ ಅಲ್ಲೊಂದು ಆಶ್ರಯಧಾಮ ಏಳಬೇಕೆಂಬ ಯೋಚನೆಯಿರಲಿಲ್ಲ. ಅಮೆರಿಕದ ಹತ್ತು ವರ್ಷದ ಗಡುವು ಮುಗಿದ ಮೇಲೆ ಸದನದ ಹೊಟ್ಟೆ ಹೊರೆಯಲು ಒಂದು ಹಣ್ಣಿನ ತೋಟ ಬೇಕು ಎಂಬುದು ಲೆಕ್ಕಾಚಾರ. ಗೃಹಿಣಿಯೊಬ್ಬಳು ನಾಳೆಗೆಂದು ಹಿತ್ತಿಲು ಮಾಡುವ ಬುದ್ಧಿಯೇ ಇದು. 1896–97ರ ಬರ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಮಧ್ಯ ಪ್ರಾಂತಕ್ಕೆ ಹೋಗಿ ಬರಪರಿಹಾರದ ಗಂಜಿಕೇಂದ್ರಗಳಲ್ಲಿ ಹೆಣ್ಣುಮಕ್ಕಳಿಗೆ ಏನಾಗುತ್ತಿದೆಯೆಂದು ಕಣ್ಣಾರೆ ಕಂಡ ರಮಾಬಾಯಿ ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಊರೊಳಗೆ ಅಷ್ಟು ಜನರನ್ನು ಇಡುವಂತಿರಲಿಲ್ಲ. ತೋಟದ ಜಮೀನಿನಲ್ಲಿ ಗುಡಿಸಲುಗಳೆದ್ದವು. ಗುಜರಾತಿನ 1899–1900ರ ಬರದ ಹೊತ್ತಿಗೆ ಗುಡಿಸಲುಗಳ ಜಾಗದಲ್ಲಿ ಕಟ್ಟಡಗಳು ಏಳುತ್ತಿದ್ದವು, ಮುನ್ನೂರು ಎರಡು ಸಾವಿರದ ಹತ್ತಿರ ಮುಟ್ಟಿತ್ತು. ತಿಂಗಳುಗಟ್ಟಲೆ ಹಸಿದ ಮಗುವಿಗೆ ಒಂದೇ ಸಲ ಹೊಟ್ಟೆ ತುಂಬ ಉಣಿಸಿದರೆ ಅದು ಸಾಯಬಹುದು. ಗಂಜಿಯಿಂದ ಆರಂಭಿಸಿ ದಿನದಿನಕ್ಕೆ ಅಳೆದು ಹೆಚ್ಚಿಸಬೇಕು. ತಲೆಯ ಹೇನು, ಮೈಯ ಕಜ್ಜಿ, ಭೇದಿ, ಕಣ್ಣುನೋವು, ಒಂದೊಂದಕ್ಕೂ ಒಬ್ಬಳು ಬೇಕು. ಇಷ್ಟು ಕೈಗಳು ಬಂದದ್ದು ಎಲ್ಲಿಂದ? ಶಾರದಾ ಸದನದಲ್ಲಿ ಓದಿದ ವಿಧವೆಯರೇ ಇಲ್ಲಿ ಶಿಕ್ಷಕಿಯರಾದರು, ಮೇಲ್ವಿಚಾರಕಿಯರಾದರು. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಹಂಚಿ ಗುಂಪಿಗೊಬ್ಬ ಹಿರಿಯಳನ್ನು ಇಟ್ಟರು. ಹಿಂದಿನ ಬರದಲ್ಲಿ ಬಂದ ಹುಡುಗಿ ಮುಂದಿನ ಬರದಲ್ಲಿ ಬಂದ ಕೂಸಿನ ತಲೆ ಬಾಚಿದಳು. ನಮ್ಮ ಹಳೆಯ ಕೂಡುಕುಟುಂಬದಲ್ಲಿ ದೊಡ್ಡ ಸೊಸೆ ಚಿಕ್ಕ ಸೊಸೆಯನ್ನು ಪಳಗಿಸುವ ಕ್ರಮವೇ ಇದು, ಒಂದು ವ್ಯತ್ಯಾಸದೊಡನೆ: ಇಲ್ಲಿ ಅತ್ತೆಯ ಮನೆಯೂ ಇಲ್ಲ, ಗಂಡನ ಮನೆಯೂ ಇಲ್ಲ, ಇರುವ ಮನೆ ತಮ್ಮದೇ.

ಅಡುಗೆಮನೆಯ ಜೊತೆಗೇ ಕೈಕಸಬುಗಳು ಬೆಳೆದವು: ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ತೋಟ, ಬಟ್ಟೆ ಒಗೆಯುವುದು. ಇವುಗಳಲ್ಲಿ ಮುದ್ರಣಾಲಯವನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಕ್ತಿಯ ವಿಚಾರ ಅಲ್ಲಿ ಸ್ಪಷ್ಟವಾಗಿ ಅಚ್ಚೊತ್ತಿದೆ. ದೇವನಾಗರಿಯಲ್ಲಿ ಮೊಳೆ ಜೋಡಿಸುವುದು ಇಂಗ್ಲಿಷಿನಷ್ಟು ಸುಲಭವಲ್ಲ. ಅಕ್ಷರ, ಕಾಗುಣಿತದ ಗುರುತು, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಸೀಸದ ಮೊಳೆ, ಬೇರೆ ಬೇರೆ ಗೂಡು. ನೂರಾರು ಗೂಡುಗಳ ಮರದ ಪೆಟ್ಟಿಗೆಯ ಮುಂದೆ ನಿಂತವಳ ಕೈ ಕಣ್ಣಿಗಿಂತ ಮುಂಚೆ ಸರಿಯಾದ ಗೂಡಿಗೆ ಹೋಗಬೇಕು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಸಾಲನ್ನು ತಿರುವುಮುರುವಾಗಿ ಓದಿ ತಪ್ಪು ಹಿಡಿಯಬೇಕು. ಕರಡಚ್ಚು ತೆಗೆದು, ತಿದ್ದಿ, ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅದರದರ ಗೂಡಿಗೆ ಮರಳಿ ಹಾಕಬೇಕು. ಕೆಲವು ವರ್ಷಗಳ ಹಿಂದೆ ತನ್ನ ಹೆಸರನ್ನೂ ಬರೆಯಲಾಗದೆ ಬರದಲ್ಲಿ ಬಂದವಳು ಈ ಕೆಲಸಕ್ಕೆ ನಿಂತಿದ್ದಳು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಹೊಸದಾಗಿ ಮರಾಠಿಗೆ ತಂದದ್ದು ಓದು ಕಡಿಮೆಯಿರುವ ಹೆಂಗಸರಿಗೂ ತಿಳಿಯುವ ಮಾತಿನಲ್ಲಿ. ಅದನ್ನು ಜೋಡಿಸಿ ಅಚ್ಚು ಹಾಕಿದ್ದು ಅಂಥ ಹೆಂಗಸರೇ. ಪೂರ್ಣ ಬೈಬಲ್ ಹೊರಬಂದದ್ದು ಅವರ ಮರಣದ ನಂತರ, 1924ರಲ್ಲಿ. ಆ ಕಾಲದ ಮಹಾರಾಷ್ಟ್ರದಲ್ಲಿ ವಿಧವೆಯ ಕೈಗೆ ಸಿಗುತ್ತಿದ್ದ ಕೆಲಸ ಇನ್ನೊಬ್ಬರ ಒಲೆಯ ಬೂದಿ ಬಾಚುವುದು. ಅದೇ ಕೈಗೆ ಅಕ್ಷರ ಕೊಟ್ಟದ್ದನ್ನು ಮನೆಗೆಲಸದ ಇನ್ನೊಂದು ರೂಪವೆಂದು ತಳ್ಳಿಹಾಕಲಾಗದು.

ಇಲ್ಲಿಗೆ ಗಂಭೀರವಾದ ಆಕ್ಷೇಪಗಳು ಎದ್ದು ನಿಲ್ಲುತ್ತವೆ. ಮೊದಲನೆಯದು ಪುಣೆಯಲ್ಲೇ ಎದ್ದದ್ದು. ಹಸಿದವರಿಗೆ ಅನ್ನ ಕೊಟ್ಟು ಧರ್ಮ ಕೊಂಡುಕೊಳ್ಳುವುದು ನ್ಯಾಯವೆ? ಶಾರದಾ ಸದನ ತೆರೆದಾಗ ರಮಾಬಾಯಿ ಧರ್ಮದ ವಿಷಯದಲ್ಲಿ ತಟಸ್ಥತೆಯ ಮಾತು ಕೊಟ್ಟಿದ್ದರು. ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂರತೊಡಗಿದರು. ಟಿಳಕರ ಕೇಸರಿ ಪತ್ರಿಕೆ ಇದನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರನಡೆದರು, ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತೆರೆದ ಬಾಗಿಲು ತಟಸ್ಥವಲ್ಲ ಎಂಬ ವಿರೋಧಿಗಳ ಮಾತಿನಲ್ಲಿ ಹುರುಳಿದೆ. ತಾನು ಪ್ರೀತಿಸುವ, ತನಗೆ ಊಟ ಹಾಕುವ ಹೆಂಗಸು ಕೈಮುಗಿದು ಕೂತಾಗ ಹನ್ನೆರಡರ ಹುಡುಗಿಗೆ ಅದು ಬರೀ ದೃಶ್ಯವಾಗಿ ಉಳಿಯುವುದಿಲ್ಲ. ಕೇಡಗಾಂವ್‌ನಲ್ಲಂತೂ ತಟಸ್ಥತೆಯ ಸೋಗೇ ಇರಲಿಲ್ಲ. ಅದು ಬಹಿರಂಗವಾಗಿ ಕ್ರೈಸ್ತ ಮನೆ. ಬರದಿಂದ ಎತ್ತಿ ತಂದ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯವಿತ್ತೆಂದು ಯಾರಾದರೂ ಹೇಳಿದರೆ ಅದನ್ನು ನಂಬಲಾಗದು. ಆದರೆ ಆ ಮಗುವಿಗೆ ಬೇರೆಲ್ಲಿ ಆಯ್ಕೆಯಿತ್ತು ಎಂದೂ ಕೇಳಬೇಕು. ಹತ್ತರ ವಯಸ್ಸಿಗೆ ವಿಧವೆಯಾಗಿ ತಲೆ ಬೋಳಿಸಿಕೊಂಡವಳು ತನ್ನ ಧರ್ಮವನ್ನು ಆಯ್ದುಕೊಂಡಿದ್ದಳೆ? ಮನೆ ಎಂಬುದು ಎಲ್ಲಿಯೂ ಮಗುವಿಗೆ ತನ್ನ ನಂಬಿಕೆಯನ್ನು ಉಣಿಸುತ್ತದೆ. ನ್ಯಾಯದ ಪ್ರಶ್ನೆ ಇರುವುದು ಆ ಮನೆ ಮಗುವಿಗೆ ಮುಂದೆ ನಡೆಯಲು ಕಾಲು ಕೊಟ್ಟಿತೋ ಇಲ್ಲವೋ ಎಂಬಲ್ಲಿ. ಓದು ಮತ್ತು ಕಸುಬು ಕೈಗೆ ಬಂದವಳು ಮುಂದೆ ಒಪ್ಪಲೂ ಬಲ್ಲಳು, ಬಿಡಲೂ ಬಲ್ಲಳು. ದೀಕ್ಷಾಸ್ನಾನಗಳ ಎಣಿಕೆಗಿಂತ ಮುಕ್ತಿಯ ದಿನಚರಿ ಒಳ್ಳೆಯ ಅಳತೆಗೋಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎರಡನೆಯ ಆಕ್ಷೇಪ ಪರದೇಶದ ಹಣ, ಪರದೇಶದ ಹಂಗು. ಹಣ ಬಂದದ್ದು ನಿಜ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ದಾನಿಗಳಿಲ್ಲದೆ ಆ ಒಲೆ ಉರಿಯುತ್ತಿರಲಿಲ್ಲ. ಮಿನ್ನೀ ಏಬ್ರಮ್ಸ್ ಅವರಂಥ ವಿದೇಶಿ ಸಹಾಯಕಿಯರೂ ಇದ್ದರು. 1905ರಲ್ಲಿ ಅಲ್ಲಿ ಎದ್ದ ಪ್ರಾರ್ಥನೆಯ ಆವೇಶದ ಸುದ್ದಿ ಹಲವು ದೇಶಗಳ ಕ್ರೈಸ್ತ ಪತ್ರಿಕೆಗಳಲ್ಲಿ ಹರಡಿತು. ಆದರೆ ಹಂಗು ಎಲ್ಲಿ ಕಾಣುತ್ತದೆಂದು ಹುಡುಕುವವರು ಮೊದಲು ಅಡುಗೆಮನೆಯನ್ನೂ ಉಡುಪನ್ನೂ ನೋಡಬೇಕು. ಬಾಸೆಲ್ ಬಂಗಲೆಯಲ್ಲಿ ಜರ್ಮನ್ ಊಟದ ಮೇಜು, ಜರ್ಮನ್ ಹಾಡು, ಕ್ರಿಸ್ಮಸ್ ಮರ ಸಾಧ್ಯವಾದಷ್ಟು ಉಳಿದವು. ಮನೆ ಎಂದರೆ ಬಿಟ್ಟುಬಂದ ಊರಿನ ನೆನಪು. ಮುಕ್ತಿಯಲ್ಲಿ ಸೀರೆ, ಸಸ್ಯಾಹಾರ, ಮರಾಠಿ ಉಳಿದವು. ವಾಂಟೇಜ್‌ನಲ್ಲಿ ತಟ್ಟೆಯ ಬಗ್ಗೆ ಪಟ್ಟು ಹಿಡಿದವಳ ಮನೆಯಲ್ಲಿ ಇನ್ನೇನಾಗಬೇಕಿತ್ತು? ಸರ್ಕಾರದ ವಿಷಯದಲ್ಲೂ ಅವರು ಬಾಯಿ ಕಟ್ಟಿಕೊಂಡವರಲ್ಲ. 1897ರ ಪ್ಲೇಗಿನ ಕಾಲದಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರ ಪಾಡೇನೆಂದು ಪತ್ರಿಕೆಗೆ ಬರೆದು, ಬ್ರಿಟಿಷ್ ಆಡಳಿತಕ್ಕೆ ಬಹಿರಂಗವಾಗಿ ಮುಜುಗರ ತಂದರು. ಹಣ ಕೊಟ್ಟವನ ಹಾಡನ್ನೇ ಹಾಡಬೇಕೆಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಮೂರನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಇದನ್ನು ಸಂಸಾರವೆಂದು ಕರೆಯುವುದು ಮಾತಿನ ಮೋಡಿಯಲ್ಲವೆ? ಎರಡು ಸಾವಿರ ಮಂದಿ, ಗೋಡೆ, ಗಂಟೆ, ಗುಂಪು, ಪಾಳಿ. ಇದು ಸಂಸ್ಥೆ, ಮನೆಯಲ್ಲ. ಈ ಮಾತನ್ನು ಅರ್ಧ ಒಪ್ಪಬೇಕು. ಗಂಟೆಯ ಶಿಸ್ತಿನಲ್ಲಿ ಒಂದು ಮಗುವಿನ ಮೊಂಡು, ಒಬ್ಬಳ ಮೌನ ಕಾಣದೆ ಹೋಗುವುದು ಸಹಜ. ಅಷ್ಟು ಮಂದಿಯ ಹೆಸರನ್ನು ಯಾವ ತಾಯಿಯೂ ನೆನಪಿಟ್ಟುಕೊಳ್ಳಲಾರಳು. ಆದರೂ ಅನಾಥಾಲಯಕ್ಕೂ ಮನೆಗೂ ಇರುವ ವ್ಯತ್ಯಾಸ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಅನಾಥಾಲಯ ಇಂತಿಷ್ಟು ವಯಸ್ಸಿನವರನ್ನು ತೆಗೆದುಕೊಂಡು ಇಂತಿಷ್ಟು ವಯಸ್ಸಿಗೆ ಹೊರಗೆ ಕಳುಹಿಸುತ್ತದೆ. ಮನೆ ಹಾಗೆ ಮಾಡುವುದಿಲ್ಲ. ಅಲ್ಲಿ ಕೂಸಿಗೂ ಜಾಗ, ಮುದುಕಿಗೂ ಜಾಗ, ಕೆಲಸ ಮಾಡಲಾಗದವಳಿಗೂ ಜಾಗ. ಮುಕ್ತಿಯ ಆವರಣದಲ್ಲಿ ದಾರಿ ತಪ್ಪಿದವಳೆಂದು ಊರು ಹೊರಹಾಕಿದವರಿಗೆ ಕೃಪಾ ಸದನವಿತ್ತು, ವಯಸ್ಸಾದವರಿಗೆ ಪ್ರೀತಿ ಸದನವಿತ್ತು, ಕುರುಡಿಯರಿಗೆ ಓದುವ ವ್ಯವಸ್ಥೆಯಿತ್ತು. ಪ್ರತಿಯೊಬ್ಬಳಿಂದಲೂ ಅವಳ ಶಕ್ತಿಯಷ್ಟು ದುಡಿಮೆ ಕೇಳಿದರು, ದುಡಿಯಲಾರದವಳನ್ನು ದೂಡಲಿಲ್ಲ. ಗಂಗಾಮೂಲದ ಆಶ್ರಮ ಸಾಲಕ್ಕೆ ಬಿದ್ದದ್ದು ಬಂದವರಿಗೆ ಬಾಗಿಲು ಮುಚ್ಚಲಾಗದೆ. ಮಗಳು ಅದೇ ಬಾಗಿಲನ್ನು ಮತ್ತೆ ತೆರೆದಳು; ಈ ಸಲ ತೋಟ, ಗಾಣ, ಮಗ್ಗ, ಮುದ್ರಣಯಂತ್ರಗಳ ಆಧಾರ ಕೊಟ್ಟು ತೆರೆದಳು. ಅನಂತ ಶಾಸ್ತ್ರಿಗಳ ಔದಾರ್ಯಕ್ಕೆ ಇಲ್ಲದಿದ್ದ ಲೆಕ್ಕಪುಸ್ತಕ ಕೇಡಗಾಂವ್‌ಗಿತ್ತು.

ಹಾಗಾದರೆ ಬಾಸೆಲ್ ಸಂಸಾರಗಳು ಮಕ್ಕಳ ತಲೆಗೆ ಕಟ್ಟಿದ ಬೆಲೆಯಿಂದ ಈ ಮನೆ ಪಾರಾಯಿತೆ? ಇಲ್ಲ. ಇಲ್ಲಿಯೂ ಒಂದು ಮಗು ಅದನ್ನು ತೆತ್ತಿತು. ಮನೋರಮೆಗೆ ಐದು ತುಂಬುವ ಮೊದಲೇ ತಾಯಿ ಅಮೆರಿಕಕ್ಕೆ ಹೊರಟರು. ಆ ವರ್ಷಗಳ ಬಹುಭಾಗ ಮಗು ಬೆಳೆದದ್ದು ವಾಂಟೇಜ್‌ನಲ್ಲಿ, ಸಿಸ್ಟರ್ ಜೆರಾಲ್ಡಿನ್ ಆರೈಕೆಯಲ್ಲಿ. ಆಮೇಲೂ ಓದಿಗೆಂದು ಇಂಗ್ಲೆಂಡ್, ಅಮೆರಿಕ. ಮಗಳನ್ನು ಹೇಗೆ ಬೆಳೆಸಬೇಕೆಂಬುದರ ಬಗ್ಗೆ ಇಬ್ಬರು ಹೆಂಗಸರ ನಡುವೆ ನಡೆದ ಪತ್ರಗಳ ಜಗಳ ಓದಿದರೆ, ಬಾಸೆಲಿನ ಮಕ್ಕಳ ನಿಲಯದ ನೆರಳು ಕಾಣುತ್ತದೆ. ಸಾವಿರಾರು ಮಕ್ಕಳಿಗೆ ಮನೆ ಮಾಡಿಕೊಟ್ಟವಳ ಸ್ವಂತ ಮಗಳು ಬಾಲ್ಯದ ದೊಡ್ಡ ಭಾಗವನ್ನು ಇನ್ನೊಬ್ಬರ ಮನೆಯಲ್ಲಿ ಕಳೆದಳು. ಇದನ್ನು ಮುಚ್ಚಿಡುವುದರಿಂದ ರಮಾಬಾಯಿಯ ಕೆಲಸ ದೊಡ್ಡದಾಗುವುದಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಮನೋರಮಾ ಮರಳಿ ಬಂದಾಗ ಬ್ರೈಲ್ ಲಿಪಿಯನ್ನು ತಂದಳು, ಮುಕ್ತಿಯ ಕುರುಡಿಯರು ಬೆರಳಿನಿಂದ ಓದಲು ಕಲಿತರು. ಶಾರದಾ ಸದನವನ್ನು ನೋಡಿಕೊಂಡಳು, ತಾಯಿಗೆ ಬಲಗೈಯಾದಳು. ಮರೀ ಗುಂಡರ್ಟ್ ತಂದೆಯ ಮಿಷನ್ನಿಗೆ ಮರಳಿದ್ದು ಮಗಳಾಗಿ, ಸಹಾಯಕಿಯಾಗಿ, ಆಮೇಲೆ ಹೆಂಡತಿಯಾಗಿ. ಮನೋರಮಾಬಾಯಿ ಮರಳಿದ್ದು ಉತ್ತರಾಧಿಕಾರಿಯಾಗಿ. ಯಜಮಾನನಿಲ್ಲದ ಮನೆಯಲ್ಲಿ ಮಗಳಿಗೆ ಸಿಗಬಹುದಾದ ಸ್ಥಾನ ಅದು. ತೆತ್ತ ಬೆಲೆ ಒಂದೇ ಆದರೂ ಕೈಗೆ ಬಂದದ್ದು ಒಂದೇ ಅಲ್ಲ.

ಆ ಉತ್ತರಾಧಿಕಾರ ಕನ್ನಡ ನಾಡಿನಲ್ಲೂ ಒಂದು ಕುರುಹು ಬಿಟ್ಟಿದೆ. 1910ರ ದಶಕದ ಆರಂಭದಲ್ಲಿ, ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಮುಕ್ತಿಯ ಕಡೆಯಿಂದ ಶಾಂತಿ ಸದನವೆಂಬ ಶಾಲೆ ಆರಂಭವಾಯಿತು. ಅದರ ಹೊಣೆ ಹೊತ್ತವಳು ಮನೋರಮಾಬಾಯಿ. ಗಂಗಾಮೂಲದ ಕಾಡಿನಲ್ಲಿ ಸಾಲಕ್ಕೆ ಬಿದ್ದು ಒಡೆದ ಮನೆ ಅರ್ಧ ಶತಮಾನ ದಾಟಿದ ಮೇಲೆ, ಕೇಡಗಾಂವ್ ಮೂಲಕ ಸುತ್ತಿಕೊಂಡು, ಕನ್ನಡದ ಇನ್ನೊಂದು ತುದಿಯಲ್ಲಿ ಬಾಗಿಲು ತೆರೆದ ಹಾಗಾಯಿತು. ಮನೋರಮಾಬಾಯಿ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಒಂಬತ್ತು ತಿಂಗಳೂ ಕಳೆದಿರಲಿಲ್ಲ, 1922ರ ಏಪ್ರಿಲ್ 5ರಂದು ತಾಯಿಯೂ ಹೋದರು. ರಕ್ತಸಂಬಂಧದ ಲೆಕ್ಕದಲ್ಲಿ ಡೋಂಗ್ರೆಯವರ ಆ ಕವಲು ಅಲ್ಲಿಗೆ ಮುಗಿಯಿತು. ಮಿಷನರಿ ಸಂಸಾರಗಳಲ್ಲಿ ಹೆಚ್ಚಿನವು ಹೀಗೆ ತಂದೆಯೋ ತಾಯಿಯೋ ಕಣ್ಮುಚ್ಚಿದೊಡನೆ ಊರು ಬಿಟ್ಟಿವೆ. ಬಂಗಲೆಗೆ ಬೇರೊಬ್ಬರು ಬಂದಿದ್ದಾರೆ, ಇಲ್ಲವೆ ಬೀಗ ಬಿದ್ದಿದೆ. ಮುಕ್ತಿಯಲ್ಲಿ ಏಪ್ರಿಲ್ 6ರ ಬೆಳಿಗ್ಗೆಯೂ ಧಾನ್ಯ ಹಸನಾಗಬೇಕಿತ್ತು, ನೀರು ಸೇದಬೇಕಿತ್ತು, ಬೈಬಲಿನ ಉಳಿದ ಹಾಳೆಗಳಿಗೆ ಮೊಳೆ ಜೋಡಿಸಬೇಕಿತ್ತು. ಅದನ್ನು ಹೇಗೆ ಮಾಡಬೇಕೆಂದು ಆ ಮನೆಯ ಹೆಂಗಸರಿಗೆ ಗೊತ್ತಿತ್ತು. ಆ ಮನೆ ಇಂದಿಗೂ ನಡೆಯುತ್ತಿದೆ.